ರಾತ್ರಿಯ ಕರೆಗೆ ಓಗೊಟ್ಟವರು: ಅಪ್ಪನ ಕೊನೆಯ 41 ದಿನಗಳ ಹಾಸ್ಪೈಸ್ ಸೇವೆಯ ಬಗ್ಗೆ

ಅಪ್ಪನ ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿದ್ದರಿಂದ ಇನ್ನು ಗುಣಪಡಿಸುವ ಚಿಕಿತ್ಸೆ ಫಲ ಕೊಡಲಾರದೆಂದು ತೀರ್ಮಾನವಾದ ಮೇಲೆ, ಒಂದು ಹಾಸ್ಪೈಸ್ ಸಂಸ್ಥೆಯ, ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಗಾಲದಲ್ಲಿ ನೋವು ಸಂಕಟ ತಗ್ಗಿಸಿ ನೋಡಿಕೊಳ್ಳುವ ಸಂಸ್ಥೆಯ, ತಂಡ 41 ದಿನಗಳ ಕಾಲ ಅವರನ್ನು ನೋಡಿಕೊಂಡಿತು. ಅದರಲ್ಲಿ 36 ದಿನ ಅಪ್ಪ ಮನೆಯಲ್ಲಿಯೇ ಇದ್ದರು, 5 ದಿನ ಸಂಸ್ಥೆಯ ಒಳರೋಗಿ ವಿಭಾಗದಲ್ಲಿದ್ದರು. ಇಂಥ ಸೇವೆಯನ್ನು ಆಯ್ದುಕೊಳ್ಳುವ ಹೊತ್ತಿಗೆ ಮನೆಯವರು ಎಷ್ಟು ದಣಿದಿರುತ್ತಾರೆ, ಯಾವ ಪ್ರಶ್ನೆಯನ್ನು ಕೇಳಬೇಕೆಂಬುದೂ ಎಷ್ಟರಮಟ್ಟಿಗೆ ತೋಚದಿರುತ್ತದೆ ಎಂಬುದನ್ನು ಅನುಭವಿಸಿರುವುದರಿಂದ, ನಮಗೆ ಒದಗಿದ ಸೇವೆಯ ಒಳಿತು ಕೊರತೆಗಳೆರಡನ್ನೂ ವಿವರವಾಗಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಸಂಗತಿಗಳು ಯಾವುದೇ ಹಾಸ್ಪೈಸನ್ನು ಅಳೆಯುವುದಕ್ಕೆ ಉಪಯೋಗವಾಗಬೇಕೆಂಬುದು ನನ್ನ ಆಸೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನರ್ಸ್ ಮನೆಯಲ್ಲಿರುವ ಒಂದು ಗಂಟೆಯನ್ನು ನೋಡಿ ಹಾಸ್ಪೈಸ್ ಸೇವೆಯನ್ನು ಅಳೆಯಲಾಗದು. ಆಕೆ ಹೊರಟ ಮೇಲೆ ಉಳಿಯುವ ಇಪ್ಪತ್ಮೂರು ಗಂಟೆಗಳಿಗೆ ಮನೆಯವರನ್ನು ಎಷ್ಟರಮಟ್ಟಿಗೆ ಸಜ್ಜುಗೊಳಿಸಿ ಹೋಗುತ್ತಾರೆ ಎಂಬುದೇ ನಿಜವಾದ ಅಳತೆಗೋಲು. ಆ ಅಳತೆಯಲ್ಲಿ ಈ ಸಂಸ್ಥೆ ಬಹಳ ಮೇಲೆ ನಿಲ್ಲುತ್ತದೆ. ಒಂದು ರಾತ್ರಿ ಮಾತ್ರ ಅದು ನಮ್ಮ ಕೈಬಿಟ್ಟಿತು.

ಮೊದಲ ಭೇಟಿಗೆ ಒಬ್ಬ ವೈದ್ಯರೂ ಒಬ್ಬ ಹಿರಿಯ ನರ್ಸ್ ಕೂಡ ಬಂದರು, ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಇದ್ದರು. ಅಲ್ಲಿಯವರೆಗೆ ಅಪ್ಪನ ಕಾಯಿಲೆಯ ಬಗ್ಗೆ ಎಲ್ಲರೂ ನನ್ನೊಡನೆಯೋ ತಮ್ಮನೊಡನೆಯೋ ಮಾತನಾಡುತ್ತಿದ್ದರೇ ಹೊರತು ಅಪ್ಪನೊಡನೆ ಯಾರೂ ಮಾತನಾಡಿರಲಿಲ್ಲ. ಆ ನರ್ಸ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಫೈಲನ್ನು ಮುಚ್ಚಿಟ್ಟು, "ಈಗ ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ಏನು, ಹೇಳಿ" ಎಂದು ಅಪ್ಪನನ್ನೇ ಕೇಳಿದರು. ಬೆನ್ನು ನೋವು ಎಂದೇ ಹೇಳುತ್ತಾರೆಂದು ನಾವೆಲ್ಲ ಕಾದಿದ್ದೆವು. ಅಪ್ಪ ಬಾಗಿಲ ಬಳಿ ನಿಂತಿದ್ದ ಅಮ್ಮನ ಕಡೆ ತಿರುಗಿ, "ಇವಳು ಮೂರು ವಾರದಿಂದ ನಿದ್ದೆ ಮಾಡಿಲ್ಲ" ಎಂದರು. ನರ್ಸ್ ಫೈಲನ್ನು ಮತ್ತೆ ತೆರೆದು ಅದನ್ನು ಬರೆದುಕೊಂಡರು. ನೋವಿನ ಬಗ್ಗೆ ಕೇಳಿದ್ದು ಅದಾದ ನಂತರವೇ.

ಹೀಗೆ ಕೇಳುವುದರ ಹಿಂದೆ ಒಂದು ಪರಂಪರೆಯೇ ಇದೆ ಎಂಬುದು ನನಗೆ ಆಮೇಲೆ ಓದಿ ತಿಳಿಯಿತು. ಇಂದಿನ ಹಾಸ್ಪೈಸ್ ಪದ್ಧತಿಗೆ ಬುನಾದಿ ಹಾಕಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದು, ಕೊನೆಗೆ ವೈದ್ಯಕೀಯ ಓದಿ ಡಾಕ್ಟರಾದವರು. 1967ರಲ್ಲಿ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದರು. ಎರಡೇ ವರ್ಷದಲ್ಲಿ, ಅಂದರೆ 1969ರಲ್ಲಿ, ಅದರ ತಂಡ ರೋಗಿಗಳ ಮನೆಗಳಿಗೂ ಹೋಗತೊಡಗಿತು. ಸಾಯುತ್ತಿರುವ ಮನುಷ್ಯನ ನೋವು ದೇಹದ್ದಷ್ಟೇ ಆಗಿರುವುದಿಲ್ಲ, ಮನಸ್ಸಿನದು, ಸಂಸಾರದ ಚಿಂತೆಯದು, ಬದುಕಿನ ಅರ್ಥದ ಪ್ರಶ್ನೆಯದು ಎಲ್ಲ ಕೂಡಿಕೊಂಡು ಒಂದೇ ನೋವಾಗಿರುತ್ತದೆ ಎಂದು ಅವರು ಕಂಡುಕೊಂಡಿದ್ದರು, ಅದನ್ನು ಸಮಗ್ರ ನೋವು ಎಂದು ಕರೆದರು. ಅಮ್ಮನ ನಿದ್ದೆ ಅಪ್ಪನ ನೋವಿನ ಒಂದು ಭಾಗವೆಂದು ಬರೆದುಕೊಂಡ ನರ್ಸ್, ತಿಳಿದೋ ತಿಳಿಯದೆಯೋ, ಆ ಮಾತನ್ನು ನಮ್ಮ ಕೋಣೆಯಲ್ಲಿ ನಡೆಸಿ ತೋರಿಸಿದರು.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧಿಯ ವಿಷಯಕ್ಕೆ ಬಂದಾಗ ಅಪ್ಪ ಗಟ್ಟಿಯಾಗಿ ತಲೆಯಲ್ಲಾಡಿಸಿಬಿಟ್ಟರು. ಮಾರ್ಫಿನ್ ಕೊಡುವುದೆಂದರೆ ಕೊನೆಗಾಲ ಬಂತೆಂದೇ ಅರ್ಥ, ಅದು ಚಟವಾಗುತ್ತದೆ, ಉಸಿರನ್ನೇ ನಿಲ್ಲಿಸುತ್ತದೆ ಎಂಬ ಭಯ ಅವರಿಗೂ ಇತ್ತು, ನಮಗೂ ಇತ್ತು. ವೈದ್ಯರು ಅವಸರ ಮಾಡಲಿಲ್ಲ. ಸಣ್ಣ ಪ್ರಮಾಣದಿಂದ ಆರಂಭಿಸಿ, ನೋವನ್ನು ನೋಡಿಕೊಂಡು ಹಂತಹಂತವಾಗಿ ಏರಿಸಿದರೆ ಅದು ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ, ನೋವು ಶಮನಕ್ಕಾಗಿ ಹೀಗೆ ತೆಗೆದುಕೊಳ್ಳುವವರು ಚಟಕ್ಕೆ ಬೀಳುವುದು ಅಪರೂಪ, ಮೊದಲ ಎರಡು ಮೂರು ದಿನ ಮಂಪರು ಕವಿದರೂ ಆಮೇಲೆ ಸಾಮಾನ್ಯವಾಗಿ ತಿಳಿಯಾಗುತ್ತದೆ, ಆದರೆ ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲವಾದ್ದರಿಂದ ಅದರ ಔಷಧಿಯನ್ನು ಮೊದಲ ದಿನದಿಂದಲೇ ಕೊಡಬೇಕು ಎಂದು ಒಂದೊಂದಾಗಿ ವಿವರಿಸಿದರು. ನೋವು ಬಂದ ಮೇಲೆ ಮಾತ್ರೆ ನುಂಗುವುದಕ್ಕಿಂತ, ಗಡಿಯಾರ ನೋಡಿಕೊಂಡು ನಾಲ್ಕು ಗಂಟೆಗೊಮ್ಮೆ ಕೊಟ್ಟು ನೋವು ತಲೆಯೆತ್ತದಂತೆ ನೋಡಿಕೊಳ್ಳುವುದು ಈ ವಿಧಾನದ ತಿರುಳು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ರೂಪಿಸಿದ, ನೋವು ಹೆಚ್ಚಿದಂತೆ ಹೆಚ್ಚು ಬಲದ ಔಷಧಿಗೆ ಏರುವ ಮೆಟ್ಟಿಲು ಕ್ರಮದಲ್ಲೂ ಇದನ್ನೇ ಹೇಳಿದೆ. ನಡುವೆ ನೋವು ಉಕ್ಕಿಬಂದರೆ ಕೊಡಬೇಕಾದ ಹೆಚ್ಚುವರಿ ಪ್ರಮಾಣವನ್ನು, ದಿನದ ಒಟ್ಟು ಮಾರ್ಫಿನ್ನಿನ ಸುಮಾರು ಆರನೇ ಒಂದು ಭಾಗವನ್ನು, ಲೆಕ್ಕ ಹಾಕಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೊಟ್ಟರು. ಏರಿಸಿದಾಗಲೆಲ್ಲ ಆ ಅಂಕಿಯನ್ನೂ ಬದಲಿಸಿದರು.

ಆ ಪುಸ್ತಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲೆಯ ಮಕ್ಕಳು ಬಳಸುವಂಥ ಗೆರೆಯ ನೋಟ್‌ಪುಸ್ತಕ ಅದು. ಹೊತ್ತು, ಕೊಟ್ಟ ಔಷಧಿ, ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಂಕ, ಮಲವಿಸರ್ಜನೆ, ವಾಕರಿಕೆ, ನಿದ್ದೆ ಎಂದು ಕಾಲಂ ಎಳೆದು ಕೊಟ್ಟಿದ್ದರು. ಮೊದಲ ದಿನ ಅಪ್ಪ ಹೇಳಿದ ಅಂಕ ಎಂಟು. ಆರನೆಯ ದಿನದ ಹೊತ್ತಿಗೆ ಎರಡು ಅಥವಾ ಮೂರು. ಆರನೆಯ ದಿನ ಸಂಜೆ ಅವರು ದಿಂಬಿಗೆ ಒರಗಿ ಕುಳಿತು, ಮೂರು ತಿಂಗಳಿಂದ ಕೈಗೆತ್ತಿಕೊಳ್ಳದಿದ್ದ ಪತ್ರಿಕೆಯನ್ನು ತಾವೇ ಮಡಿಸಿ ಹಿಡಿದುಕೊಂಡು ಓದಿದರು. ಬರೆಯುತ್ತ ಬರೆಯುತ್ತ ನಮಗೂ ಒಂದು ಹಿಡಿತ ಸಿಕ್ಕಿತು: ಬೆಳಗಿನ ಜಾವದ ನೋವು ಏಕೆ ಹೆಚ್ಚು, ಮಗ್ಗುಲು ಬದಲಿಸುವುದಕ್ಕೆ ಅರ್ಧ ಗಂಟೆ ಮೊದಲು ಔಷಧಿ ಕೊಟ್ಟರೆ ಎಷ್ಟು ಹಗುರ, ಎಲ್ಲವೂ ಆ ಪುಟಗಳಲ್ಲೇ ಕಾಣಿಸುತ್ತಿತ್ತು. ಬಂದ ನರ್ಸ್ ಯಾರೇ ಆಗಲಿ, ಅಪ್ಪನ ಮುಖ ನೋಡಿ ಮಾತನಾಡಿಸಿದ ಮೇಲೆ ಮೊದಲು ತೆರೆಯುತ್ತಿದ್ದುದು ಅದೇ ಪುಸ್ತಕವನ್ನು.

ಕಲಿಸಿದ್ದು ಇನ್ನೂ ಬಹಳಷ್ಟಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು, ಅಡ್ಡ ಹಾಸಿದ ಬಟ್ಟೆಯ ಎರಡು ತುದಿ ಹಿಡಿದು ಇಬ್ಬರೇ ಸೇರಿ ರೋಗಿಯನ್ನು ಮೇಲಕ್ಕೆ ಸರಿಸುವುದು, ಏದುಸಿರು ಬಂದಾಗ ಮುಂದಕ್ಕೆ ಬಾಗಿಸಿ ದಿಂಬಿನ ಮೇಲೆ ಕೈಯೂರಿಸಿ ಕೂರಿಸುವುದು. ಪುಟ್ಟ ಫ್ಯಾನಿನ ಗಾಳಿಯನ್ನು ನೇರವಾಗಿ ಮೂಗು ಕೆನ್ನೆಗಳ ಮೇಲೆ ಬೀಳುವಂತೆ ಹಿಡಿದರೆ ಉಸಿರಾಟದ ಸಂಕಟ ಕಡಿಮೆಯೆನಿಸುತ್ತದೆ ಎಂದಾಗ ನಾನು ನಂಬಿರಲಿಲ್ಲ. ಅಪ್ಪನ ಭುಜಗಳು ಕೆಳಗಿಳಿದು ಸಡಿಲಾಗುವುದನ್ನು ಕಣ್ಣಾರೆ ನೋಡಿದ ಮೇಲೆ ನಂಬಿದೆ.

ಎಲ್ಲಕ್ಕಿಂತ ಕಷ್ಟದ ಪಾಠ ಊಟದ್ದು. ನಾಲ್ಕನೆಯ ವಾರದಿಂದ ಅಪ್ಪ ತುತ್ತನ್ನು ಬಾಯಲ್ಲಿಟ್ಟುಕೊಂಡು ಹಾಗೆಯೇ ಕೂರುತ್ತಿದ್ದರು. ಅಮ್ಮ ಬೇಡಿಕೊಂಡರು, ಗದರಿದರು, ಅತ್ತರು. ಹಸಿವಿನಿಂದಲೇ ಗಂಡ ಸಾಯುತ್ತಿದ್ದಾನೆ, ಉಣಿಸಲಾರದ ತಪ್ಪು ತನ್ನದು ಎಂಬ ಭಾವನೆ ಅವರನ್ನು ಹಿಂಡುತ್ತಿತ್ತು. ನರ್ಸ್ ಅಮ್ಮನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, "ಅಮ್ಮಾ, ಊಟ ನಿಂತದ್ದರಿಂದ ಅವರು ಹೋಗುತ್ತಿಲ್ಲ, ದೇಹ ಹೊರಡಲು ಸಿದ್ಧವಾಗುತ್ತಿರುವುದರಿಂದ ಊಟ ನಿಂತಿದೆ" ಎಂದರು. ಬಲವಂತವಾಗಿ ಉಣಿಸಿದರೆ ಅನ್ನ ನೀರು ಶ್ವಾಸನಾಳಕ್ಕೆ ಇಳಿದು ಸಂಕಟ ಹೆಚ್ಚುತ್ತದೆ ಎಂಬುದನ್ನೂ ಮುಚ್ಚಿಡದೆ ತಿಳಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಅಮ್ಮನ ಕೈಗೆ ಕೆಲಸವಿಲ್ಲದಂತಾಗುತ್ತಿತ್ತು. ಮೆತ್ತನೆಯ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ, ನೀರಿನಲ್ಲಿ ಅದ್ದಿ ಹಿಂಡಿ, ತುಟಿಯ ಅಂಚಿನಿಂದ ಒಸಡಿನವರೆಗೆ ಒರೆಸುವುದನ್ನು ತೋರಿಸಿಕೊಟ್ಟು, ಗಂಟೆಗೊಮ್ಮೆ ಇದನ್ನು ಮಾಡುವ ಹೊಣೆ ನಿಮ್ಮದೇ ಎಂದರು. ನಲವತ್ತೈದು ವರ್ಷ ಉಣಬಡಿಸಿದ ಕೈ ಅದು. ಬಟ್ಟೆ ತಾಗಿದೊಡನೆ ಅಪ್ಪನ ತುಟಿಗಳು ಸ್ವಲ್ಪವೇ ಚೀಪುವಂತೆ ಚಲಿಸುತ್ತಿದ್ದವು. ಅಮ್ಮ ಮುಖವನ್ನು ಹತ್ತಿರ ತಂದು ಅದನ್ನೇ ನೋಡುತ್ತ ಕುಳಿತಿರುತ್ತಿದ್ದರು.

ಇನ್ನು ಕೊರತೆಗಳ ವಿಷಯ. ಹದಿನೇಳನೆಯ ದಿನ ಶುಕ್ರವಾರ. ಮಾರ್ಫಿನ್ ಮಾತ್ರೆ ಮುಗಿಯುತ್ತ ಬಂದಿದೆಯೆಂದು ನಾವು ತಿಳಿಸಿದ್ದೆವು, ಹೊಸ ಚೀಟಿ ಬರುತ್ತದೆಂದು ಅವರೂ ಹೇಳಿದ್ದರು, ಆದರೆ ಬರಲಿಲ್ಲ. ಮಾರ್ಫಿನ್ ಕಟ್ಟುನಿಟ್ಟಿನ ನಿಯಂತ್ರಣವಿರುವ ಔಷಧಿಯಾದ್ದರಿಂದ ಚೀಟಿಯಿಲ್ಲದೆ ಎಲ್ಲಿಯೂ ಸಿಗುವುದಿಲ್ಲ. ಶನಿವಾರ ರಾತ್ರಿ ಹನ್ನೊಂದಕ್ಕೆ ಕೊನೆಯ ಮಾತ್ರೆ ಮುಗಿದಾಗ ತುರ್ತು ಸಂಖ್ಯೆಗೆ ಕರೆ ಮಾಡಿದೆವು. ಅಂದು ಕರೆ ಸ್ವೀಕರಿಸಿದವರ ಮುಂದೆ ಅಪ್ಪನ ಫೈಲೇ ಇರಲಿಲ್ಲ. ಹೆಸರು, ಕಾಯಿಲೆ, ಔಷಧಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು, ಎಲ್ಲ ಕೇಳಿದ ಮೇಲೆ ಅವರು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ ಎಂದುಬಿಟ್ಟರು. ಯಾವುದನ್ನು ತಪ್ಪಿಸಬೇಕೆಂದು ಹಾಸ್ಪೈಸನ್ನು ಆಯ್ದುಕೊಂಡಿದ್ದೆವೋ ಅದೇ ಆಯಿತು. ಬೆಳಕು ಕಣ್ಣಿಗೆ ಹೊಡೆಯುವ ಮೊಗಸಾಲೆಯಲ್ಲಿ, ಸ್ಟ್ರೆಚರಿನ ಮೇಲೆ, ಅಪ್ಪ ನಾಲ್ಕು ಗಂಟೆ ಕಾದರು. ಆ ರಾತ್ರಿಯ ಪುಟದಲ್ಲಿ ತಮ್ಮ ಒಂಬತ್ತು ಎಂದು ಬರೆದಿದ್ದಾನೆ, ಅಂಕಿಯ ಕೆಳಗೆ ಪೆನ್ನು ಕಾಗದವನ್ನು ಹರಿದಿದೆ.

ಸೋಮವಾರ ಬೆಳಗ್ಗೆ ಹಿರಿಯ ನರ್ಸ್ ಬಂದು, ನೆಪ ಹೇಳದೆ, ಅಪ್ಪನ ಮುಂದೆಯೇ ಕ್ಷಮೆ ಕೇಳಿದರು. ಅಂದಿನಿಂದ ಐದು ದಿನಕ್ಕಾಗುವಷ್ಟು ಔಷಧಿ ಯಾವಾಗಲೂ ಮುಂಗಡವಾಗಿ ಮನೆಯಲ್ಲಿರುವಂತೆ ನೋಡಿಕೊಂಡರು, ರಾತ್ರಿ ಕರೆ ಸ್ವೀಕರಿಸುವವರಿಗೆ ಎಲ್ಲ ರೋಗಿಗಳ ವಿವರ ಸಂಜೆಯೇ ತಲುಪುವ ಏರ್ಪಾಡಾಯಿತೆಂದು ತಿಳಿಸಿದರು, ಅದು ನಿಜವೆಂಬುದು ಮುಂದೆ ನಮ್ಮ ಅನುಭವಕ್ಕೂ ಬಂತು. ಅವರ ಪ್ರಾಮಾಣಿಕತೆಯನ್ನು ಗೌರವಿಸುತ್ತೇನೆ. ಆದರೆ 41 ದಿನಗಳಲ್ಲಿ ಒಂದು ರಾತ್ರಿಯನ್ನು ಹಾಗೆ ಕಳೆದುಕೊಂಡವರಿಗೆ ಆ ರಾತ್ರಿ ಮರಳಿ ಸಿಗುವುದಿಲ್ಲ. ಆದ್ದರಿಂದ ಸೇವೆಗೆ ಸೇರುವ ದಿನವೇ ಕೇಳಿ: ರಾತ್ರಿ ಕರೆ ಮಾಡಿದರೆ ಯಾರು ಎತ್ತುತ್ತಾರೆ, ಅವರ ಕೈಯಲ್ಲಿ ನಮ್ಮ ಫೈಲ್ ಇರುತ್ತದೆಯೇ, ರಜೆಯ ದಿನ ಮಾರ್ಫಿನ್ ಮುಗಿದರೆ ಚೀಟಿ ಬರೆಯುವವರು ಯಾರು. ಉತ್ತರ ತಡವರಿಸಿದರೆ ಬೇರೆ ಸಂಸ್ಥೆಯನ್ನು ವಿಚಾರಿಸಿ.

ಇನ್ನೊಂದು ಕೊರತೆ ಮಕ್ಕಳ ವಿಷಯದಲ್ಲಿ. ನನ್ನ ಹನ್ನೊಂದು ವರ್ಷದ ಮಗಳು ಅಜ್ಜನ ಕೋಣೆಯ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಕುಟುಂಬದವರೆಲ್ಲರಿಗೂ ಸಮಾಲೋಚನೆ ಎಂದು ಅವರ ಮಾಹಿತಿ ಪತ್ರದಲ್ಲಿ ಅಚ್ಚಾಗಿದ್ದರೂ ಮಗಳ ಕೈಗೆ ಸಿಕ್ಕಿದ್ದು ಒಂದು ಬಣ್ಣದ ಕಿರುಹೊತ್ತಗೆ ಮಾತ್ರ. ಕೊನೆಗೆ ವಾರಕ್ಕೆರಡು ಬಾರಿ ಬರುತ್ತಿದ್ದ ಸ್ವಯಂಸೇವಕಿಯೊಬ್ಬರು, ಅದು ತಮ್ಮ ಕೆಲಸವಲ್ಲದಿದ್ದರೂ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಜ್ಜನ ಕೈಗೆ ಎಣ್ಣೆ ಸವರುವುದನ್ನು ಕಲಿಸಿದರು. ಅಲ್ಲಿಂದಾಚೆ ಅವಳು ದಿನವೂ ಬಂದಳು.

ಒಳರೋಗಿ ವಿಭಾಗದ ಐದು ದಿನಗಳು ಅಮ್ಮನಿಗೆ ವಿಶ್ರಾಂತಿ ಸಿಗಲೆಂದು ತಂಡದವರೇ ಸೂಚಿಸಿದ್ದು. ಭೇಟಿಗೆ ಇಂಥದೇ ಹೊತ್ತೆಂಬ ಕಟ್ಟಳೆಯಿರಲಿಲ್ಲ, ಮನೆಯವರೊಬ್ಬರು ಮಲಗಲು ಪಕ್ಕದಲ್ಲಿಯೇ ಮಂಚವಿತ್ತು, ಹಾಸಿಗೆಯನ್ನು ಚಕ್ರದ ಮೇಲೆ ತಳ್ಳಿಕೊಂಡು ಹೊರಗಿನ ಬಿಸಿಲಿಗೆ ತರಬಹುದಿತ್ತು. ಗಂಟೆ ಒತ್ತಿದರೆ ಒಮ್ಮೊಮ್ಮೆ ಹದಿನೈದು ನಿಮಿಷ ಕಾಯಬೇಕಾಗುತ್ತಿತ್ತು. ಒಟ್ಟಿನಲ್ಲಿ ಚೆನ್ನಾಗಿಯೇ ನೋಡಿಕೊಂಡರು, ಆದರೂ ಅಪ್ಪ ಮನೆಗೆ ಹೋಗೋಣವೆಂದರು, ಹೋದೆವು.

ನಮ್ಮ ದೊಡ್ಡ ತಪ್ಪೆಂದರೆ ತಡಮಾಡಿದ್ದು. ಆ ತಪ್ಪಿನಲ್ಲಿ ನಮಗೂ ಪಾಲಿದೆ, ಚಿಕಿತ್ಸೆ ಕೊಡುತ್ತಿದ್ದವರಿಗೂ ಪಾಲಿದೆ. ಇನ್ನೊಂದು ಸುತ್ತಿನ ಕೀಮೋ ನೋಡೋಣ ಎಂಬ ಮಾತನ್ನು ಮೂರು ಬಾರಿ ಕೇಳಿದೆವು, ಹಾಸ್ಪೈಸ್ ಎಂಬ ಪದವನ್ನು ಕೈಚೆಲ್ಲುವುದಕ್ಕೆ ಇನ್ನೊಂದು ಹೆಸರೆಂದು ತಿಳಿದು ದೂರವಿಟ್ಟೆವು. ಹಾಸ್ಪೈಸ್ ಗುಣವಾಗದ ಕಾಯಿಲೆಯ ಕೊನೆಯ ತಿಂಗಳುಗಳದಾದರೆ, ಅದಕ್ಕೆ ತಾಯಿಬೇರಿನಂತಿರುವ, ನೋವು ಸಂಕಟಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯನ್ನು ರೋಗನಿರ್ಣಯವಾದ ದಿನದಿಂದಲೇ, ಚಿಕಿತ್ಸೆಯ ಜೊತೆಜೊತೆಗೇ ಪಡೆಯಬಹುದು ಎಂಬುದೂ ನಮಗೆ ಗೊತ್ತಿರಲಿಲ್ಲ. ಬಾಸ್ಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಪ್ಪನಿಗಿದ್ದಂತೆಯೇ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಪೈಕಿ, ಆರಂಭದಲ್ಲಿಯೇ ಉಪಶಾಮಕ ಆರೈಕೆ ಪಡೆದವರ ಬದುಕಿನ ಗುಣಮಟ್ಟ ಮೇಲಿತ್ತು, ಖಿನ್ನತೆ ಕಡಿಮೆಯಿತ್ತು; ಕೊನೆಗಾಲದ ಉಗ್ರ ಚಿಕಿತ್ಸೆಗಳನ್ನು ಕಡಿಮೆ ಪಡೆದೂ ಅವರು ಬದುಕಿದ್ದ ಮಧ್ಯಮ ಅವಧಿ 11.6 ತಿಂಗಳಾದರೆ, ಉಳಿದವರದು 8.9 ತಿಂಗಳು. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಎದ್ದೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿ ವರ್ಷ 5.68 ಕೋಟಿ ಜನರಿಗೆ ಈ ಆರೈಕೆ ಬೇಕಾಗುತ್ತದೆ, ದೊರೆಯುವುದು ಅವರಲ್ಲಿ ಸುಮಾರು ಶೇ 14ರಷ್ಟು ಜನರಿಗೆ ಮಾತ್ರ. ಆ ಲೆಕ್ಕದಲ್ಲಿ ನಮಗೆ ಸಿಕ್ಕ 41 ದಿನಗಳೂ ಭಾಗ್ಯವೇ, ಆದರೆ ಇನ್ನೂ ಎಷ್ಟೋ ತಿಂಗಳು ಸಿಗಬಹುದಿತ್ತು.

ಕೊನೆಯ ವಾರದ ಮೊದಲ ದಿನ ನರ್ಸ್ ನಮ್ಮನ್ನೆಲ್ಲ ಕೂರಿಸಿಕೊಂಡು, ಮುಂದೆ ಏನೇನು ಕಾಣಿಸಬಹುದೆಂದು ಹೇಳಿ, ಅದನ್ನೇ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ನಿದ್ದೆ ಹೆಚ್ಚುತ್ತ ಹೋಗುತ್ತದೆ. ಕೈಕಾಲು ತಣ್ಣಗಾಗಿ ಚರ್ಮದ ಮೇಲೆ ನೀಲಿ ಮಚ್ಚೆಗಳಂತೆ ಕಾಣುತ್ತದೆ. ಉಸಿರು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗಾಗಿ, ನಡುವೆ ನಿಂತು ನಿಂತು ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ಕೇಳುವವರಿಗೆ ಭಯಾನಕವಾದರೂ ಅಷ್ಟು ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಅದರ ಅರಿವಿರುವುದಿಲ್ಲ. ಮಾತು ನಿಂತರೂ ಕಿವಿ ಕೇಳುತ್ತಿರಬಹುದು, ಮಾತನಾಡುತ್ತಿರಿ. ಆ ಹಾಳೆಯನ್ನು ಅಮ್ಮ ಬೀರುವಿನ ಬಾಗಿಲ ಒಳಭಾಗಕ್ಕೆ ಅಂಟಿಸಿದರು, ಅಪ್ಪನ ಕಣ್ಣಿಗೆ ಬೀಳದಿರಲೆಂದು. ನುಂಗಲು ಆಗದಾದಾಗ ಮಾತ್ರೆಗಳನ್ನು ನಿಲ್ಲಿಸಿ, ಚರ್ಮದ ಕೆಳಗೆ ಸಣ್ಣ ಸೂಜಿಯಿಟ್ಟು, ಬ್ಯಾಟರಿಯ ಸಿರಿಂಜ್ ಪಂಪಿನಿಂದ ಔಷಧಿ ದಿನವಿಡೀ ಹನಿಹನಿಯಾಗಿ ಹೋಗುವಂತೆ ಮಾಡಿದರು.

ನಲವತ್ತನೆಯ ದಿನದ ರಾತ್ರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಆ ಸದ್ದು ಶುರುವಾಯಿತು. ಹಾಳೆಯನ್ನು ನೂರು ಸಲ ಓದಿದ್ದರೂ ನನ್ನ ಕೈ ನಡುಗುತ್ತಿತ್ತು. ಎರಡನೆಯ ರಿಂಗಿಗೇ ಫೋನ್ ಎತ್ತಿದವರು ನಾನು ಹೆಸರು ಹೇಳುತ್ತಿದ್ದಂತೆ, "ಗೊತ್ತಾಯಿತು, ಫೋನನ್ನು ಅವರ ಬಾಯಿಯ ಹತ್ತಿರ ಹಿಡಿಯಿರಿ, ನಾನು ಕೇಳಿಸಿಕೊಳ್ಳುತ್ತೇನೆ" ಎಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಎಡಮಗ್ಗುಲಿಗೆ ತಿರುಗಿಸಿ, ತಲೆಯ ಕಡೆ ಎತ್ತರಿಸಿ, ಬಾಯಿಯ ಅಂಚಿನಲ್ಲಿ ಬಂದದ್ದನ್ನು ಒರೆಸಿ, ಹುಬ್ಬು ಗಂಟಿಕ್ಕಿದೆಯೇ ನೋಡಿ ಹೇಳಿ ಎಂದರು. ಗಂಟಿಕ್ಕಿರಲಿಲ್ಲ. ಹಾಗಾದರೆ ಅವರಿಗೆ ನೋವಿಲ್ಲ, ನಾನು ಹೊರಟೆ, ಬರುವವರೆಗೆ ಫೋನ್ ಇಡಬೇಡಿ ಎಂದರು. ಮುಕ್ಕಾಲು ಗಂಟೆ ಅವರು ದಾರಿಯುದ್ದಕ್ಕೂ ಫೋನಿನಲ್ಲಿಯೇ ಇದ್ದರು. ಹೆಚ್ಚಿನ ಹೊತ್ತು ಇಬ್ಬರೂ ಮಾತನಾಡಲಿಲ್ಲ, ವಾಹನದ ಸದ್ದು ಮಾತ್ರ ಕೇಳುತ್ತಿತ್ತು. ಬಂದು, ಗಂಟಲಿನ ದ್ರವ ಹೊಸದಾಗಿ ಕೂಡಿಕೊಳ್ಳದಂತೆ ಒಂದು ಇಂಜೆಕ್ಷನ್ ಕೊಟ್ಟರು. ಸದ್ದು ಪೂರ್ತಿ ನಿಲ್ಲಲಿಲ್ಲ, ತಗ್ಗಿತು. ಅಪ್ಪ ಮರುದಿನ ಮಧ್ಯಾಹ್ನ, ಅಮ್ಮ ತುಟಿ ಒರೆಸಿ ಬಟ್ಟೆಯನ್ನು ಬಟ್ಟಲಿಗೆ ಹಾಕುವಷ್ಟರಲ್ಲಿ, ಹೋದರು.

ಮೂರನೆಯ ದಿನ ಪಂಪನ್ನು ಹಿಂದಕ್ಕೆ ಒಯ್ಯಲು ಬಂದ ಹಿರಿಯ ನರ್ಸ್ ಉಳಿದಿದ್ದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಬರೆದುಕೊಂಡು, ಅಮ್ಮನ ಸಹಿ ಹಾಕಿಸಿಕೊಂಡರು. ನೋಟ್‌ಪುಸ್ತಕ ನಮ್ಮಲ್ಲೇ ಇರಲಿ ಎಂದು ಬಿಟ್ಟುಹೋದರು. ಆರನೆಯ ವಾರದಲ್ಲಿ ಅವರದೇ ಫೋನ್ ಬಂತು. ನಾನು ಎತ್ತಿದೆ, ನಿಮ್ಮೊಂದಿಗೂ ಮಾತನಾಡುತ್ತೇನೆ, ಮೊದಲು ಅಮ್ಮನಿಗೆ ಕೊಡಿ ಎಂದರು. ಮೊದಲ ದಿನ ಫೈಲಿನಲ್ಲಿ ಬರೆದುಕೊಂಡದ್ದನ್ನು ಅವರು ಮರೆತಿರಲಿಲ್ಲ: ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಕೇಳಿದರು. ಅಮ್ಮ ಸ್ವಲ್ಪ ಯೋಚಿಸಿ, ನಾಲ್ಕು ಗಂಟೆ ಬರುತ್ತದೆ ಎಂದರು. ಇನ್ನೊಂದು ತಿಂಗಳು ಬಿಟ್ಟು ಮತ್ತೆ ಕೇಳುತ್ತೇನೆ ಎಂದು ಅವರು ಹೇಳಿದ್ದಾರೆ.